ಸೀರೆಯೋ, ಚೂಡಿದಾರೋ, ಪ್ಯಾಂಟೋ? ಅಧಿಕಾರದ ಕುರ್ಚಿಯಲ್ಲಿ ಕೂರುವ ಹೆಣ್ಣುಮಕ್ಕಳಿಗೆ

ಕಾಲುವೆಯ ಏರಿಯ ಮೇಲೆ ಗಾಳಿ ಬಹಳ. 1996ರ ಬೇಸಿಗೆಯಲ್ಲಿ ನಾನು ಸರ್ಕಾರಿ ಎಂಜಿನಿಯರಾಗಿ ಹೊಸದಾಗಿ ಸೇರಿದ್ದೆ. ಅಮ್ಮ ಆರಿಸಿ ಕೊಟ್ಟಿದ್ದ ಜಾರ್ಜೆಟ್ ಸೀರೆ ಉಟ್ಟು, ಕಾಲುವೆಗೆ ಹಾಕಿದ ಕಾಂಕ್ರೀಟಿನ ದಪ್ಪ ಅಳೆಯಲು ಹೋಗಿದ್ದೆ. ಎಡಗೈಯಲ್ಲಿ ಹಾರುವ ಸೆರಗು, ಬಲಗೈಯಲ್ಲಿ ಅಳತೆ ಪುಸ್ತಕ, ಹೆಗಲಿನಿಂದ ಜಾರುವ ಬ್ಯಾಗು. ಟೇಪಿನ ತುದಿ ಹಿಡಿಯಲು ಕೈಯೇ ಉಳಿದಿರಲಿಲ್ಲ. ಮೇಸ್ತ್ರಿ ತಾನೇ ಟೇಪು ಹಿಡಿದ, ತಾನೇ ಅಳತೆ ಓದಿದ. ಓದಿ ಹೇಳಿದ್ದು ಕೂಡ ನನ್ನ ಪಕ್ಕದಲ್ಲಿ ನಿಂತಿದ್ದ ಜೀಪಿನ ಚಾಲಕನಿಗೆ. ನಾನು ಬರೆದುಕೊಂಡೆ. ಆ ಅಳತೆ ಸರಿಯಿತ್ತೇ ಎಂಬ ಪ್ರಶ್ನೆ ಇಂದಿಗೂ ನನ್ನನ್ನು ಕಾಡುತ್ತದೆ. ಕಣ್ಣಾರೆ ಕಂಡು ಬರೆಯಬೇಕಾದದ್ದನ್ನು ಕಿವಿಯಲ್ಲಿ ಕೇಳಿ ಬರೆದಿದ್ದೆ.

ಈ ವರ್ಷ ಅಕ್ಕನ ಮಗಳಿಗೆ ಸಹಾಯಕ ಎಂಜಿನಿಯರ್ ಹುದ್ದೆಯ ಆದೇಶ ಬಂತು. ಆ ಸಂಜೆಯೇ ಫೋನ್ ಮಾಡಿ, “ಚಿಕ್ಕಮ್ಮ, ಏನು ಉಟ್ಟುಕೊಂಡು ಹೋಗಲಿ? ನನ್ನನ್ನು ನೋಡಿದರೆ ಕಾಲೇಜು ಹುಡುಗಿ ಅಂದುಕೊಳ್ಳುತ್ತಾರೆ” ಎಂದಳು. ಆ ಏರಿಯ ಗಾಳಿ ಮತ್ತೆ ಮುಖಕ್ಕೆ ಬಡಿದ ಹಾಗಾಯಿತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಈ ಪ್ರಶ್ನೆ ಗಂಡುಮಕ್ಕಳಿಗೆ ಏಳುವುದೇ ಇಲ್ಲ. ತಿಳಿಬಣ್ಣದ ಶರ್ಟು, ಇಸ್ತ್ರಿಯ ಪ್ಯಾಂಟು ತೊಟ್ಟರೆ ಮುಗಿಯಿತು. ‘ಸಾಹೇಬರು’ ಎಂದ ಕೂಡಲೇ ಜನರ ಕಣ್ಣಿಗೆ ಬರುವ ಚಿತ್ರವೇ ಅದು. ನಮ್ಮ ಚಿತ್ರ ಇನ್ನೂ ಪೂರ್ತಿ ಮೂಡಿಲ್ಲ. ಕರ್ನಾಟಕಕ್ಕೆ ಮೊದಲ ಮಹಿಳಾ ಮುಖ್ಯ ಕಾರ್ಯದರ್ಶಿ ದೊರೆತದ್ದು 2000ದಲ್ಲಿ, ರಾಜ್ಯ ಪೊಲೀಸ್ ಪಡೆಗೆ ಮೊದಲ ಮಹಿಳಾ ಮುಖ್ಯಸ್ಥೆ ಬಂದದ್ದು 2017ರಲ್ಲಿ. ಜನ ನಮ್ಮನ್ನು ಕಂಡ ಮೊದಲ ಐದು ನಿಮಿಷದಲ್ಲಿ ‘ಇವರು ಯಾರು’ ಎಂದು ತಡಕಾಡುತ್ತಾರೆ. ಉಡುಪು ಕೆಲಸ ಮಾಡುವುದು ಆ ಐದು ನಿಮಿಷ ಮಾತ್ರ. ಆಮೇಲೆ ನಿಮ್ಮ ಕಡತದ ಜ್ಞಾನವೇ ಮಾತನಾಡಬೇಕು. ಆದರೆ ಆ ಐದು ನಿಮಿಷ ಕೈತಪ್ಪಿದರೆ ಅದನ್ನು ಮರಳಿ ಪಡೆಯಲು ಕೆಲವೊಮ್ಮೆ ಆರು ತಿಂಗಳು ಹಿಡಿಯುತ್ತದೆ. ಅದನ್ನು ನಾನು ಅನುಭವಿಸಿದ್ದೇನೆ.

ಕೊಳ್ಳುವ ಮೊದಲು ಎರಡು ಪರೀಕ್ಷೆ

ಮೊದಲನೆಯದು ಕೈಯ ಪರೀಕ್ಷೆ. ಯಾವುದೇ ಸಭೆಯಲ್ಲಿ ಸುತ್ತ ನೋಡಿ. ಗಂಡಸರ ಎರಡೂ ಕೈಗಳು ಮೇಜಿನ ಮೇಲಿರುತ್ತವೆ. ನಮ್ಮ ಒಂದು ಕೈ ಸೆರಗಿನ ಮೇಲೋ ವೇಲಿನ ಮೇಲೋ ಇರುತ್ತದೆ. ಬಟ್ಟೆ ಸರಿಮಾಡಿಕೊಳ್ಳುವ ಆ ಒಂದು ಚಲನೆ ಎದುರಿಗಿದ್ದವರಿಗೆ ‘ಇವರಿಗೆ ಅಳುಕಿದೆ’ ಎಂದು ಹೇಳುತ್ತದೆ, ನಿಮ್ಮಲ್ಲಿ ಅಳುಕು ಎಳ್ಳಷ್ಟೂ ಇಲ್ಲದಿದ್ದರೂ. ಆದ್ದರಿಂದ ಹೊಸ ಉಡುಪನ್ನು ನೇರವಾಗಿ ಕಚೇರಿಗೆ ತೊಟ್ಟು ಹೋಗಬೇಡಿ. ಒಂದು ಭಾನುವಾರ ಮನೆಯಲ್ಲಿ ಒಂದು ಗಂಟೆ ತೊಟ್ಟಿರಿ. ಮೆಟ್ಟಿಲು ಹತ್ತಿ ಇಳಿಯಿರಿ, ಬೀರುವಿನ ಮೇಲಿನ ಡಬ್ಬಿ ಇಳಿಸಿ, ನೆಲದ ಮೇಲೆ ಕೂತು ಕೈಯೂರದೆ ಏಳಿ, ಗೋಡೆಯ ಮೇಲೆ ಬರೆಯುವವರಂತೆ ತೋಳೆತ್ತಿ. ಕೈ ಎಷ್ಟು ಸಲ ಬಟ್ಟೆಯ ಕಡೆಗೆ ಹೋಯಿತೆಂದು ಎಣಿಸಿ. ಮೂರು ಸಲಕ್ಕಿಂತ ಹೆಚ್ಚಾದರೆ ಆ ಉಡುಪು ಮದುವೆ ಮುಂಜಿಗಿರಲಿ.

ಎರಡನೆಯದು ಎದುರಿಗಿದ್ದವರ ಕಣ್ಣಿನ ಪರೀಕ್ಷೆ. ಒಂದೇ ಉಡುಪನ್ನು ಬೇರೆ ಬೇರೆ ಕಡೆ ಜನ ಬೇರೆ ಬೇರೆ ರೀತಿ ಓದುತ್ತಾರೆ. ನಮ್ಮ ರಾಜ್ಯದ ಯಾವುದೇ ಹಳ್ಳಿಗೆ ಗುಲಾಬಿ ಸೀರೆ ಉಟ್ಟು ಹೋಗಿ ನೋಡಿ. ನಿಮ್ಮನ್ನು ಮಗುವಿನ ಲಸಿಕೆಯ ಬಗ್ಗೆ ಕೇಳುತ್ತಾರೆ, ಏಕೆಂದರೆ ಅದು ಆಶಾ ಕಾರ್ಯಕರ್ತೆಯರ ಸಮವಸ್ತ್ರ. ಆ ಬಣ್ಣಕ್ಕೆ ಹಳ್ಳಿಯಲ್ಲಿ ತನ್ನದೇ ಗೌರವವಿದೆ, ಆ ಹೆಣ್ಣುಮಕ್ಕಳು ಅದನ್ನು ದುಡಿದು ಸಂಪಾದಿಸಿದ್ದಾರೆ. ನೀವು ಸೇತುವೆಯ ಅಡಿಪಾಯ ನೋಡಲು ಹೋದವರಾದರೆ ಬೇರೆ ಬಣ್ಣ ಉಡಿ.

ಸೀರೆ: ಯಾವ ಸೀರೆ ಎಂಬುದರಲ್ಲೇ ಎಲ್ಲವೂ ಇದೆ

‘ಸೀರೆ ಉಟ್ಟರೆ ಗೌರವ’ ಎಂದು ಹಿರಿಯರು ಹೇಳುತ್ತಾರೆ. ಅರ್ಧ ನಿಜ. ಮೈಗೆ ಅಂಟಿ ಜಾರುವ ಜಾರ್ಜೆಟ್, ಶಿಫಾನ್ ಸೀರೆಗಳು ಕೈಯ ಪರೀಕ್ಷೆಯಲ್ಲಿ ಪ್ರತಿ ಸಲವೂ ಸೋಲುತ್ತವೆ. ಬೆಲೆ ಕಡಿಮೆ, ಒಗೆದು ಒಣಹಾಕಿದರೆ ಸಾಕು, ಇಸ್ತ್ರಿ ಬೇಡ ಎಂಬ ಕಾರಣಕ್ಕೆ ನಮ್ಮಲ್ಲಿ ಬಹುಪಾಲು ಜನ ಅವನ್ನೇ ಉಡುತ್ತೇವೆ. ಬೆಳಿಗ್ಗೆ ಮನೆಗೆಲಸ ಮುಗಿಸಿ ಬಸ್ಸು ಹಿಡಿಯುವವರಿಗೆ ಆ ಅನುಕೂಲ ಸಣ್ಣದಲ್ಲ, ನನಗೆ ಗೊತ್ತು. ಆದರೂ ವಾರದಲ್ಲಿ ಮುಖ್ಯ ಸಭೆ ಇರುವ ದಿನವಾದರೂ ಹತ್ತಿ ಸೀರೆ ಉಡಿ ಎಂದೇ ಹೇಳುತ್ತೇನೆ.

ಗಂಜಿ ಹಾಕಿ ಇಸ್ತ್ರಿ ಮಾಡಿದ ಕೈಮಗ್ಗದ ಹತ್ತಿ ಸೀರೆಯ ನೆರಿಗೆ ಮಡಿಸಿದ ಕಡೆಯೇ ನಿಲ್ಲುತ್ತದೆ. ಸೆರಗನ್ನು ಹೆಗಲ ಮೇಲೆ ಒಮ್ಮೆ ಪಿನ್ ಮಾಡಿದರೆ ಸಂಜೆಯವರೆಗೂ ಅದರ ನೆನಪೇ ಬರುವುದಿಲ್ಲ. ಇಳಕಲ್ ಸೀರೆಗೆ ಇನ್ನೊಂದು ಗುಣವಿದೆ. ಅದರ ಒಡಲು ಹತ್ತಿ, ಸೆರಗು ರೇಷ್ಮೆ. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿಯಂತೆ ಸಿಕ್ಕಿಸಿ ನೇಯುತ್ತಾರೆ. ‘ಟೋಪ್ ತೆನಿ’ ಎಂದು ಕರೆಯುವ ಕೆಂಪು ಬಿಳಿಯ ಆ ಸೆರಗನ್ನು ಉತ್ತರ ಕರ್ನಾಟಕದಲ್ಲಿ ನೂರು ಅಡಿ ದೂರದಿಂದಲೇ ಗುರುತು ಹಿಡಿಯುತ್ತಾರೆ.

2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ಹರಿದಾಗ ಮನೆ ಹಾನಿಯ ಸಮೀಕ್ಷೆಗೆ ಹೋಗಿದ್ದೆ. ನದಿ ದಂಡೆಯ ಒಂದು ಊರಿನಲ್ಲಿ, ಗೋಡೆ ಕುಸಿದ ಮನೆಯ ಮುಂದೆ ಕೂತಿದ್ದ ಅಜ್ಜಿ ಯಾರೊಡನೆಯೂ ಮಾತನಾಡುತ್ತಿರಲಿಲ್ಲ. ನಾನು ಬಗ್ಗಿ ಗೋಡೆಯ ಬಿರುಕು ನೋಡುತ್ತಿದ್ದಾಗ ನನ್ನ ಇಳಕಲ್ ಸೀರೆಯ ದಡಿಯನ್ನು, ಅಂದರೆ ಅಂಚನ್ನು, ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದಳು. ಗೋಮಿ ದಡಿ, ಒಳ್ಳೆಯ ನೇಯ್ಗೆ ಎಂದಳು. ತನ್ನ ಮದುವೆಯದೂ ಇಂಥದ್ದೇ ಇತ್ತು, ಟ್ರಂಕಿನ ಸಮೇತ ನೀರಿಗೆ ಹೋಯಿತು ಎಂದಳು. ಆಮೇಲೆ ಎದ್ದು ನಿಂತು ಒಳಗಿನ ಗೋಡೆ ಎಲ್ಲಿಂದ ಎಲ್ಲಿಯವರೆಗೆ ಇತ್ತು, ದನದ ಕೊಟ್ಟಿಗೆ ಯಾವ ಕಡೆ ಇತ್ತು ಎಂದು ನಡೆದು ತೋರಿಸಿದಳು. ಆ ಮನೆಯ ಹಾನಿಯ ಪಟ್ಟಿ ಪೂರ್ತಿಯಾದದ್ದು ಹಾಗೆ. ಅಧಿಕಾರ ಎಂದರೆ ಜನ ಹೆದರಿ ಎದ್ದು ನಿಲ್ಲುವುದು ಎಂದು ನಾನು ಎಂದೂ ತಿಳಿದಿಲ್ಲ. ನಿಮ್ಮನ್ನು ನಂಬಿ ಸರಿಯಾದ ಮಾಹಿತಿ ಕೊಡುವುದೂ ಅಧಿಕಾರವೇ. ಆ ದಿನ ಪ್ಯಾಂಟು ತೊಟ್ಟಿದ್ದರೆ ಅಜ್ಜಿ ಮಾತನಾಡುತ್ತಲೇ ಇರಲಿಲ್ಲ ಎನ್ನಲಾರೆ, ಆದರೆ ಮಾತು ಅಷ್ಟು ಬೇಗ ಹೊರಡುತ್ತಿರಲಿಲ್ಲ.

ರೇಷ್ಮೆಯ ವಿಷಯ ಬೇರೆ. ಮೈಸೂರು ರೇಷ್ಮೆ ಕ್ರೇಪ್, ಅಂದರೆ ಬಿಗಿಯಾಗಿ ಹುರಿಮಾಡಿದ ಎಳೆಯ ಮೆದು ಬಟ್ಟೆ, ಆದ್ದರಿಂದ ಉಬ್ಬುವುದಿಲ್ಲ, ನೆರಿಗೆ ನೇರವಾಗಿ ಇಳಿಯುತ್ತದೆ. ಒಂದೇ ಬಣ್ಣದ ಒಡಲು, ಸಣ್ಣ ಜರಿ ಅಂಚು ಇರುವುದನ್ನು ಉಟ್ಟರೆ ವಿಧಾನಸೌಧದ ಸಭಾಂಗಣದಲ್ಲೂ ಅದಕ್ಕಿಂತ ಘನವಾದ ಉಡುಪು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಮೈಸೂರಿನ ಕಾರ್ಖಾನೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದದ್ದು, ಇಂದಿಗೂ ಅಲ್ಲಿನ ಪ್ರತಿ ಸೀರೆಗೂ ತನ್ನದೇ ಸಂಖ್ಯೆ ಇರುತ್ತದೆ. ಬೆಲೆ ಹತ್ತು ಸಾವಿರ ದಾಟುವುದರಿಂದ ಕೆಲಸಕ್ಕೆಂದು ಒಂದಿದ್ದರೆ ಸಾಕು. ಅಗಲ ಜರಿಯ ಕಂಚಿ ಸೀರೆ ಮಾತ್ರ ಕಚೇರಿಯಲ್ಲಿ ಮದುವೆ ಮನೆಯ ನೆನಪು ತರುತ್ತದೆ.

ಹಾಗೆಂದು ರೇಷ್ಮೆಯೂ ಹೂವೂ ಕೆಲಸದ ಗಾಂಭೀರ್ಯಕ್ಕೆ ಹೊಂದುವುದಿಲ್ಲ ಎನ್ನುವವರಿಗೆ 2014ರ ಸೆಪ್ಟೆಂಬರ್ 24 ನೆನಪಿರಲಿ. ಮಂಗಳಯಾನ ಕಕ್ಷೆ ಸೇರಿದ ದಿನ ಬೆಂಗಳೂರಿನಲ್ಲಿ ಇಸ್ರೋದ ಹೆಣ್ಣುಮಕ್ಕಳು ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ನಗುತ್ತಿದ್ದ ಚಿತ್ರ ಪ್ರಪಂಚವನ್ನೆಲ್ಲ ಸುತ್ತಿತು. 2023ರ ಬಜೆಟ್ ದಿನ ನಿರ್ಮಲಾ ಸೀತಾರಾಮನ್ ಉಟ್ಟದ್ದು ಧಾರವಾಡದ ಕಡೆಯ ಕಸೂತಿ ಹಾಕಿದ ಕೆಂಪು ಇಳಕಲ್ ಸೀರೆ. ಕೈಯಲ್ಲಿ ದೇಶದ ಲೆಕ್ಕ ಹಿಡಿದವರು ಅದನ್ನು ಉಡಬಹುದಾದರೆ ತಾಲ್ಲೂಕು ಕಚೇರಿಯಲ್ಲಿ ನೀವೂ ಉಡಬಹುದು.

ಸೀರೆ ಎಲ್ಲಿ ಸೋಲುತ್ತದೆ? ಏಣಿ, ಕಬ್ಬಿಣದ ಸರಳು, ತಿರುಗುವ ಯಂತ್ರ, ದ್ವಿಚಕ್ರ ವಾಹನ ಇರುವ ಕಡೆಯಲ್ಲೆಲ್ಲ. ಬೈಕಿನ ಹಿಂಚಕ್ರದ ಅರ್ಧಕ್ಕೆ ಬಟ್ಟೆ ಸಿಕ್ಕದಂತೆ ತಡೆ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ನಾವು ‘ಸೀರೆ ಗಾರ್ಡ್’ ಎನ್ನುವುದು ಅದನ್ನೇ. ಗೌರವದ ಮಾತು ಎಷ್ಟೇ ದೊಡ್ಡದಿರಲಿ, ಕಾಂಕ್ರೀಟ್ ಮಿಕ್ಸರಿನ ಹತ್ತಿರ ಸೆರಗು ಇಳಿಬಿಟ್ಟು ನಿಲ್ಲಬೇಡಿ. ನಮ್ಮ ಪೊಲೀಸ್ ಇಲಾಖೆಯೂ 2018ರಲ್ಲಿ ಮಹಿಳಾ ಸಿಬ್ಬಂದಿಗೆ ಖಾಕಿ ಸೀರೆಯ ಬದಲು ಪ್ಯಾಂಟು ಶರ್ಟು ತೊಡಲು ಆದೇಶಿಸಿತು. ಆಗ ಇಲಾಖೆಯ ಮುಖ್ಯಸ್ಥೆಯಾಗಿದ್ದವರು ನೀಲಮಣಿ ರಾಜು. ಸೀರೆ ಉಟ್ಟು ಕಳ್ಳನ ಹಿಂದೆ ಓಡುವ ಕಷ್ಟ ಓಡಿದವರಿಗೇ ಗೊತ್ತು.

ಚೂಡಿದಾರ್: ನಡುವಿನ ದಾರಿ, ಆದರೆ ಹೊಲಿಸಿದ್ದೇ ಇರಲಿ

ಓಡಾಟದ ಕೆಲಸಕ್ಕೆ ಚೂಡಿದಾರ್ ಸುಲಭ. ಅದರ ತೊಂದರೆ ಏನೆಂದರೆ, ಕಾಲೇಜು ಹುಡುಗಿಯೂ ಅದನ್ನೇ ತೊಡುತ್ತಾಳೆ, ಮಾರುಕಟ್ಟೆಗೆ ಹೊರಟವರೂ ಅದನ್ನೇ ತೊಡುತ್ತಾರೆ. ಇಪ್ಪತ್ತೈದರ ಅಧಿಕಾರಿಯನ್ನು ಅದು ಇಪ್ಪತ್ತರ ವಿದ್ಯಾರ್ಥಿನಿಯಂತೆ ತೋರಿಸಬಹುದು. ನಲವತ್ತು ದಾಟಿದ ಮೇಲೆ ಈ ಸಮಸ್ಯೆ ತಾನಾಗಿ ಹೋಗುತ್ತದೆ, ಅಲ್ಲಿಯವರೆಗೆ ಹೊಲಿಗೆಯ ಮೇಲೆ ಕಣ್ಣಿಡಬೇಕು.

ವ್ಯತ್ಯಾಸ ಇರುವುದು ಬಟ್ಟೆಯ ದಪ್ಪದಲ್ಲಿ, ಹೆಗಲಿನ ಹೊಲಿಗೆಯಲ್ಲಿ. ತೆಳು ರೇಯಾನ್ ಟಾಪ್, ಬಿಗಿ ಲೆಗ್ಗಿಂಗ್ಸ್ ಮನೆಯ ಉಡುಪಿನಂತೆ ಕಾಣುತ್ತವೆ. ಅದೇ ದಪ್ಪ ಹತ್ತಿ ಅಥವಾ ಖಾದಿಯ ನೇರ ಕುರ್ತಾ, ನಿಂತ ಕಾಲರ್, ಮೊಣಕೈ ದಾಟಿದ ತೋಳು, ಕೆಳಗೆ ನೇರ ಪ್ಯಾಂಟು ಇದ್ದರೆ ಇಡೀ ಆಕಾರವೇ ಬದಲಾಗುತ್ತದೆ. ಹುಬ್ಬಳ್ಳಿಯ ಕಡೆ ಇರುವವರು ರಾಷ್ಟ್ರಧ್ವಜ ತಯಾರಿಸುವ ಬೆಂಗೇರಿಯ ಖಾದಿ ಸಂಘದ ಬಟ್ಟೆಯನ್ನು ಒಮ್ಮೆ ಮುಟ್ಟಿ ನೋಡಿ. ಖಾದಿಗೆ ಸುಕ್ಕು ಬೇಗ ಬೀಳುತ್ತದೆ, ಆದರೆ ಆ ಸುಕ್ಕು ಕೊಳಕಾಗಿ ಕಾಣುವುದಿಲ್ಲ.

ಇನ್ನು ವೇಲ್. ಎರಡೂ ಹೆಗಲ ಮೇಲೆ ಮಾಲೆಯಂತೆ ಹಾಕಿದ ವೇಲ್ ಕ್ಷಣಕ್ಕೊಮ್ಮೆ ಜಾರುತ್ತದೆ. ಕೈಯ ಪರೀಕ್ಷೆಯಲ್ಲಿ ಜಾರ್ಜೆಟ್ ಸೀರೆಗಿಂತಲೂ ಅದು ಕಡೆ. ಒಂದು ಹೆಗಲಿನ ಮೇಲೆ ನೆರಿಗೆ ಹಿಡಿದು ಪಿನ್ ಮಾಡಿ, ಇಲ್ಲವೇ ಅದನ್ನು ಬಿಟ್ಟು ಕುರ್ತಾದ ಮೇಲೆ ತೋಳಿಲ್ಲದ ಖಾದಿ ಜಾಕೆಟ್ ಹಾಕಿ. ಜಾಕೆಟ್ ವೇಲಿನ ಕೆಲಸವನ್ನೂ ಮಾಡುತ್ತದೆ, ಎರಡು ಜೇಬನ್ನೂ ಕೊಡುತ್ತದೆ, ವಯಸ್ಸಿಗೆ ಐದು ವರ್ಷವನ್ನೂ ಸೇರಿಸುತ್ತದೆ. ಅಕ್ಕನ ಮಗಳಿಗೆ ನಾನು ಕೊಟ್ಟ ಮೊದಲ ಉಡುಗೊರೆ ಅದೇ.

ಶಾಲಾ ಕಾಲೇಜುಗಳಲ್ಲಿ ಮಾತ್ರ ‘ಚೂಡಿದಾರ್ ಬೇಡ, ಸೀರೆಯೇ ಬೇಕು’ ಎಂಬ ಒತ್ತಡ ಇನ್ನೂ ಹಲವೆಡೆ ಇದೆ. ಶಿಕ್ಷಕಿಯರು ಸೀರೆಯನ್ನೇ ಉಡಬೇಕೆಂದಿಲ್ಲ ಎಂದು ಕೇರಳ ಸರ್ಕಾರ 2021ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಬೇಕಾಯಿತು ಎಂದರೆ ಆ ಒತ್ತಡ ಎಷ್ಟಿರಬೇಕು ಯೋಚಿಸಿ. ಬಸ್ಸು ಬದಲಿಸಿ, ಮಗುವನ್ನು ಅಂಗನವಾಡಿಗೆ ಬಿಟ್ಟು, ಗಂಟೆ ಬಾರಿಸುವ ಮೊದಲು ತರಗತಿಗೆ ಓಡುವವಳ ಮೇಲೆ ಆರು ಗಜದ ಕಡ್ಡಾಯ ಹೇರುವುದು ನನಗೆ ಒಪ್ಪಿಗೆಯಿಲ್ಲ. ಸೀರೆ ನನಗೆ ಪ್ರಿಯ. ಪ್ರಿಯವಾದದ್ದನ್ನು ಯಾರ ಮೇಲೂ ಕಡ್ಡಾಯ ಮಾಡಬಾರದು.

ಪ್ಯಾಂಟು ಶರ್ಟು, ಮೇಲೊಂದು ಕೋಟು

ಕೆಲಸದ ಜಾಗದಲ್ಲಿ ಇದಕ್ಕೆ ಸಾಟಿಯಿಲ್ಲ. ತಲೆಗೆ ಹೆಲ್ಮೆಟ್, ಕಾಲಿಗೆ ಗಟ್ಟಿ ಬೂಟು, ಎರಡೂ ಕೈ ಖಾಲಿ. ನಾನು ಪ್ಯಾಂಟು ತೊಡಲು ಶುರುಮಾಡಿದ್ದು ಹನ್ನೊಂದು ವರ್ಷದ ಸೇವೆಯ ನಂತರ. ಮೊದಲ ದಿನ ಕಚೇರಿಯಲ್ಲಿ ಎಲ್ಲರೂ ತಿರುಗಿ ನೋಡಿದರು, ಮೂರನೆಯ ದಿನ ಯಾರೂ ನೋಡಲಿಲ್ಲ. ಅದೇ ವಾರ ಒಂದು ಸೇತುವೆಯ ಕಂಬದ ಅಟ್ಟಣಿಗೆ ಹತ್ತಿ, ಕಟ್ಟಿದ ಕಬ್ಬಿಣದ ನಡುವಿನ ಅಂತರವನ್ನು ನಾನೇ ಟೇಪು ಹಿಡಿದು ಅಳೆದೆ. ನಕ್ಷೆಯಲ್ಲಿ 150 ಮಿಲಿಮೀಟರ್ ಇದ್ದದ್ದು ಅಲ್ಲಿ 200 ಇತ್ತು. ಬಿಚ್ಚಿಸಿ ಮತ್ತೆ ಕಟ್ಟಿಸಿದೆ. ಗುತ್ತಿಗೆದಾರ ಅಂದಿನಿಂದ ಅಳತೆಯ ಮಾತನ್ನು ನೇರವಾಗಿ ನನ್ನೊಡನೆ ಆಡಿದ.

ಇಲ್ಲಿಯೂ ಅಳತೆಗೆ ಹೊಲಿಸಿದ್ದೇ ಮೇಲು. ಶರ್ಟು ಸೊಂಟದ ಕೆಳಗೆ ಒಂದು ಗೇಣು ಇಳಿದಿದ್ದರೆ ಬಗ್ಗಿದಾಗ ಎಳೆದುಕೊಳ್ಳುವ ಕೆಲಸವಿಲ್ಲ. ಎದೆಯ ಬಳಿ ಎರಡು ಗುಂಡಿಗಳ ನಡುವೆ ಬಾಯಿಬಿಡುವ ಶರ್ಟನ್ನು ಎಂದೂ ಕೊಳ್ಳಬೇಡಿ. ಗುಂಡಿಯ ಒಳಬದಿಯಲ್ಲಿ ಒಂದು ಪ್ರೆಸ್ ಬಟನ್ ಹಾಕಿಸಿದರೆ ಆ ಚಿಂತೆ ತೀರುತ್ತದೆ.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಲೆಕ್ಕ ಬೇರೆ. ಇನ್ಫೋಸಿಸ್‌ನಂಥ ಕಂಪನಿಯೇ 2015ರಲ್ಲಿ ವಾರವಿಡೀ ಫಾರ್ಮಲ್ ಉಡುಪಿನ ಕಟ್ಟಳೆಯನ್ನು ಸಡಿಲಿಸಿತು. ಅಲ್ಲಿ ಟೀಶರ್ಟ್ ತೊಟ್ಟ ಗಂಡಸನ್ನು ‘ತಂತ್ರಜ್ಞ’ ಎನ್ನುತ್ತಾರೆ, ಟೀಶರ್ಟ್ ತೊಟ್ಟ ಹೆಣ್ಣನ್ನು ‘ಹೊಸಬಳು’ ಎಂದುಕೊಳ್ಳುತ್ತಾರೆ ಎಂದು ಅಲ್ಲಿರುವ ನನ್ನ ಗೆಳತಿಯರು ಬೇಸರದಿಂದ ಹೇಳುತ್ತಾರೆ. ಅನ್ಯಾಯವೇ ಸರಿ. ಸಹೋದ್ಯೋಗಿಗಳು ತೊಡುವುದಕ್ಕಿಂತ ಒಂದು ಮೆಟ್ಟಿಲು ಮೇಲೆ ತೊಡಿ, ಎರಡು ಮೆಟ್ಟಿಲು ಬೇಡ. ಎಲ್ಲರೂ ಜೀನ್ಸ್‌ನಲ್ಲಿದ್ದರೆ ಜೀನ್ಸ್ ಮೇಲೆ ಗುಂಡಿ ಬಿಚ್ಚಿದ ಕೋಟು ಸಾಕು, ಪೂರ್ತಿ ಸೂಟ್ ತೊಟ್ಟರೆ ಸಂದರ್ಶನಕ್ಕೆ ಬಂದವರಂತೆ ಕಾಣುತ್ತೀರಿ. ನಮ್ಮ ಹವೆಗೆ ಒಳಪದರವಿಲ್ಲದ ಹತ್ತಿ ಕೋಟು ಒಳ್ಳೆಯದು.

ವಕೀಲ ವೃತ್ತಿಯವರಿಗೆ ಈ ಗೊಂದಲವಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೇ ಸೀರೆ, ಉದ್ದ ಲಂಗ, ಸಲ್ವಾರ್ ಕುರ್ತಾ ಎಲ್ಲಕ್ಕೂ ಅವಕಾಶ ಕೊಟ್ಟು, ಕಪ್ಪು ಕೋಟು ಮತ್ತು ಬಿಳಿ ಬ್ಯಾಂಡನ್ನು ಎಲ್ಲರಿಗೂ ಸಮಾನ ಮಾಡಿವೆ. ಒಳಗೆ ಏನೇ ಇದ್ದರೂ ಹೊರಗೆ ಎಲ್ಲರೂ ವಕೀಲರೇ.

ಎರಡರ ನಡುವೆ ಆರಿಸುವಾಗ

ಜಿಲ್ಲಾ ಪಂಚಾಯಿತಿಯಲ್ಲಿ ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆ ಇದ್ದರೆ ಸೀರೆಯನ್ನೇ ಆರಿಸುತ್ತೇನೆ. ಅಲ್ಲಿ ಎದ್ದು ನಿಂತು ಉತ್ತರ ಹೇಳಬೇಕು, ನೂರು ಜನರ ನಡುವೆ ಗಾಢ ಬಣ್ಣದ ಒಂದೇ ಸೀರೆ ದೂರದಿಂದಲೇ ಎದ್ದು ಕಾಣುತ್ತದೆ. ಗಾಢ ನೀಲಿ, ಕಡು ಹಸಿರು, ಸಾಸಿವೆ ಬಣ್ಣ, ಬದನೆ ಬಣ್ಣ ಒಳ್ಳೆಯವು. ಮಧ್ಯಾಹ್ನ ಕಾಮಗಾರಿ ನೋಡಲು ಹೋಗುವುದಿದ್ದರೆ ಪ್ಯಾಂಟು. ಒಂದೇ ದಿನ ಎರಡೂ ಇದ್ದರೆ ಜಾಕೆಟ್ ಹಾಕಿದ ಖಾದಿ ಕುರ್ತಾ. ಹೊಸ ಊರಿಗೆ ವರ್ಗವಾಗಿ ಹೋದರೆ ಮೊದಲ ವಾರ ಹತ್ತಿ ಸೀರೆ ಉಟ್ಟು ಜನರನ್ನು ಕಾಣಿ, ಎರಡನೆಯ ವಾರದಿಂದ ನಿಮ್ಮ ಅನುಕೂಲದ ಉಡುಪು ತೊಡಿ. ಪರಿಚಯ ಆದ ಮೇಲೆ ಬಟ್ಟೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಒಡವೆಯ ವಿಷಯದಲ್ಲಿ ಒಂದೇ ಮಾತು: ಸದ್ದು ಮಾಡುವುದು ಬೇಡ. ಮೈಕಿನ ಮುಂದೆ ಗಾಜಿನ ಬಳೆಗಳು ನಿಮ್ಮ ಅಂಕಿ ಅಂಶಗಳನ್ನು ಮುಳುಗಿಸುತ್ತವೆ. ಹೂ ಮುಡಿಯುವ ಅಭ್ಯಾಸವಿದ್ದರೆ ಧಾರಾಳವಾಗಿ ಮುಡಿಯಿರಿ. ಚಪ್ಪಲಿಗೆ ಹಿಂದೆ ಪಟ್ಟಿ ಇರಲಿ. ಸೀರೆ ಉಡುವ ಮೊದಲೇ ಆ ದಿನದ ಚಪ್ಪಲಿ ಮೆಟ್ಟಿ ನಿಂತು ಉದ್ದ ಹಿಡಿಯಿರಿ, ಇಲ್ಲವಾದರೆ ಮೆಟ್ಟಿಲಿನಲ್ಲಿ ನೆರಿಗೆ ಕಾಲಿಗೆ ಸಿಕ್ಕುತ್ತದೆ. ಕಡತ, ಬ್ಯಾಗು, ಬುತ್ತಿ ಚೀಲ, ನೀರಿನ ಬಾಟಲಿ ಎಲ್ಲವನ್ನೂ ಹೊತ್ತು ಸಭೆಯ ಬಾಗಿಲು ತಳ್ಳಬೇಡಿ. ಊಟದ ಚೀಲ ಮೊದಲು ನಿಮ್ಮ ಕೋಣೆ ಸೇರಲಿ.

ಮೊದಲ ಸಂಬಳದಲ್ಲಿ

ಒಮ್ಮೆಗೇ ಹತ್ತು ಜೊತೆ ಕೊಳ್ಳಬೇಡಿ. ಎರಡು ಹತ್ತಿ ಸೀರೆ, ಎರಡು ನೇರ ಕುರ್ತಾ, ಒಂದು ಕಪ್ಪು ಮತ್ತು ಒಂದು ಬೂದು ಪ್ಯಾಂಟು, ಒಂದು ಜಾಕೆಟ್. ಮೂರು ತಿಂಗಳು ಇಷ್ಟರಲ್ಲೇ ನಡೆಯುತ್ತದೆ. ಅಷ್ಟರಲ್ಲಿ ನಿಮ್ಮ ಊರು, ನಿಮ್ಮ ಕೆಲಸ, ನಿಮ್ಮ ಮೈ ಏನು ಬೇಡುತ್ತದೆ ಎಂಬುದು ತಿಳಿದಿರುತ್ತದೆ. ಉಳಿದ ಹಣವನ್ನು ಒಳ್ಳೆಯ ಟೈಲರಿಗೆ ಕೊಡಿ. ರವಿಕೆಯ ಕಂಕುಳ ಬಿಗಿಯಾದರೆ ತೋಳು ಎತ್ತಲಾಗುವುದಿಲ್ಲ, ತೋಳು ಎತ್ತಲಾಗದವರು ಬೋರ್ಡಿನ ಮೇಲೆ ನಕ್ಷೆ ಬರೆದು ವಿವರಿಸಲಾರರು. ಅಂಗಡಿಯಲ್ಲೇ ತೊಟ್ಟು ತೋಳೆತ್ತಿ ನೋಡಿ.

ಕುರ್ತಾದ ಎರಡೂ ಬದಿಗೆ, ಸೀರೆಯ ಲಂಗದ ಬಲಬದಿಗೆ ಜೇಬು ಇಡಿಸಿ. ಟೈಲರ್ ಬೇಡವೆನ್ನುತ್ತಾರೆ. ಆಕಾರ ಕೆಡುತ್ತದೆ, ಹೆಂಗಸರು ಯಾರೂ ಹಾಕಿಸುವುದಿಲ್ಲ ಎನ್ನುತ್ತಾರೆ. ಹಾಕಿಸಿಯೇ ಬನ್ನಿ. ಜೇಬಿನ ಆಳ ಒಂದು ಗೇಣಾದರೂ ಇರಲಿ. ಹಣ ಕೊಡುವ ಮೊದಲು ನಿಮ್ಮ ಮೊಬೈಲನ್ನೂ ಐದು ಮೀಟರ್ ಟೇಪನ್ನೂ ಅದರೊಳಗೆ ಇಳಿಸಿ, ಅಂಗಡಿಯ ಬಾಗಿಲಿನವರೆಗೆ ನಡೆದು ನೋಡಿ.